ಮೂಲೆಮನೆಯವರು ಹೇಳದೆ ಬಿಟ್ಟದ್ದು

ಸಂಕ್ರಾಂತಿಗೆ ಇನ್ನು ಕೆಲವೇ ದಿನ ಇದ್ದಾಗ, ಒಂದು ಮಧ್ಯಾಹ್ನ, ಮಹಡಿಯಿಂದ ಹಾಲು ಸಕ್ಕರೆ ಸೀದ ವಾಸನೆ ಇಳಿದು ಬಂತು. ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಯಾವುದೋ ಲ್ಯಾಬಿನಲ್ಲಿ ಕೆಲಸ, ಶಿಫ್ಟ್ ಡ್ಯೂಟಿ. ಗ್ಯಾಸ್ ಮೇಲೆ ಏನೋ ಇಟ್ಟು ನಿದ್ದೆ ಹೋದಳೇನೋ ಎಂದು ನಾನು ಮೆಟ್ಟಿಲ ಬುಡಕ್ಕೆ ಹೋಗುವಷ್ಟರಲ್ಲಿ ಅವಳೇ ಬಾಣಲೆ ಹಿಡಿದುಕೊಂಡು ಇಳಿದು ಬಂದಳು. ಬಾಣಲೆಯ ತುಂಬ ಕಂದು ಗಾಜು. ನಡುವೆ ಒಂದು ಚಮಚ ನೆಟ್ಟಗೆ ನಿಂತಿತ್ತು.

“ಆಂಟಿ, ಸಕ್ಕರಿ ಅಚ್ಚು ಮಾಡಾಕ ಹೋಗಿದ್ನಿರಿ. ನೋಡ್ರಿಲ್ಲೆ, ಚಮಚಾನೂ ಬರವಲ್ದು.”

“ಯಾರಮ್ಮಾ ಹೇಳಿಕೊಟ್ಟಿದ್ದು?”

“ಯೂಟ್ಯೂಬ್‌ನ್ಯಾಗ ಒಬ್ಬಾಕಿ. ಆಕಿ ಹೇಳಿದಂಗ ಮಾಡೀನ್ರಿ, ಒಂದೂ ಬಿಟ್ಟಿಲ್ಲ. ಆದ್ರ ಆಕಿ ಏನೋ ಒಂದು ಬೇಕಂತನ ಹೇಳಿಲ್ಲ ನೋಡ್ರಿ. ಮುಖಾ ನೋಡಿದ್ರ ಗೊತ್ತಾಗ್ತೈತಿ.”

ನಾನು ನಕ್ಕುಬಿಟ್ಟೆ. ಅವಳಿಗೆ ಬೇಜಾರಾಯಿತೋ ಏನೋ. ಆದರೆ ನಾನು ನಕ್ಕಿದ್ದು ಅವಳ ಬಾಣಲೆಗಲ್ಲ. ಅದೇ ಮಾತನ್ನ, ನನ್ನ ಕನ್ನಡದಲ್ಲಿ, ನಾನು ಇನ್ನೊಬ್ಬರ ಬಗ್ಗೆ ಆಡಿದ್ದೆ. ನಿಜ ಹೇಳಬೇಕೆಂದರೆ ಇವತ್ತಿಗೂ ಮನಸ್ಸಿನಲ್ಲಿ ಆಡುತ್ತಲೇ ಇದ್ದೇನೆ.

ನಾವು ಆಗ ರಾಜಾಜಿನಗರದಲ್ಲಿದ್ದೆವು. ಇಂಡಸ್ಟ್ರಿಯಲ್ ಎಸ್ಟೇಟಿನ ಸೈರನ್ ಕೇಳಿಸಿಕೊಂಡು ಅಕ್ಕಿ ತೊಳೆಯುತ್ತಿದ್ದ ಕಾಲ. ಸಾಲಾಗಿ ಒಂದೇ ಥರದ ಹೆಂಚಿನ ಮನೆಗಳು, ಹಿಂದುಗಡೆ ಎಲ್ಲರಿಗೂ ಸೇರಿ ಒಂದು ಕಿರಿದಾದ ಕನ್ಸರ್ವೆನ್ಸಿ ಓಣಿ. ಆ ಸಾಲಿನ ಕೊನೆಯ ಮನೆಯಲ್ಲಿ ಇದ್ದವರು ಅವರು. ಎದುರಿಗೆ ಸಿಕ್ಕಾಗ ಅಕ್ಕ ಅನ್ನುತ್ತಿದ್ದೆ. ಮನೆಯೊಳಗೆ ನಮ್ಮೆಜಮಾನರ ಹತ್ತಿರ ಮಾತಾಡುವಾಗ ಮೂಲೆಮನೆಯವರು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿರಬೇಕು. ಎತ್ತರದ ಹೆಂಗಸು, ಯಾವಾಗಲೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೇನು ಎಲ್ಲಿಗೋ ಹೊರಟೆ ಅನ್ನುವ ಹಾಗೆ ನಿಂತಿರುತ್ತಿದ್ದರು. ಆದರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತರೆ ರಸ್ತೆಯ ಎರಡೂ ಕಡೆ ಅವರಿಗೆ ಕಾಣುತ್ತಿತ್ತು. ಯಾರ ಮನೆಗೆ ಯಾರು ಬಂದರು, ಕೈಯಲ್ಲಿ ಏನಿತ್ತು, ವಾಪಸ್ ಹೋಗುವಾಗ ಏನಿರಲಿಲ್ಲ... ಎಲ್ಲ.

ಆ ರಸ್ತೆಗೆ ಬಂದ ಹೊಸದರಲ್ಲೇ ನನಗೆ ಒಂದು ವಿಷಯ ಅರ್ಥವಾಗಿತ್ತು. ಅಲ್ಲಿ ಯಾವ ಹೆಂಗಸೂ ತನಗೆ ಬರುವುದನ್ನ ಇಡಿಯಾಗಿ ಇನ್ನೊಬ್ಬಳಿಗೆ ಹೇಳಿಕೊಡುವುದಿಲ್ಲ ಅನ್ನುವುದು ಎಲ್ಲರ ನಂಬಿಕೆ. ಹುಳಿಪುಡಿ ಹೇಳಿಕೊಟ್ಟವಳು ಮೆಂತ್ಯದ ಅಳತೆ ನುಂಗಿರುತ್ತಾಳೆ. ಸ್ವೆಟರ್ ಹೇಳಿಕೊಟ್ಟವಳು ಕುತ್ತಿಗೆಯ ಹತ್ತಿರ ಬಂದಾಗ ‘ಒಲೆ ಮೇಲೆ ಹಾಲಿದೆ’ ಎಂದು ಎದ್ದು ಹೋಗುತ್ತಾಳೆ. “ಒಂದನ್ನ ಇಟ್ಕೊಂಡೇ ಹೇಳ್ತಾರೆ ಕಣೇ” ಎಂದು ಎಲ್ಲರೂ ಎಲ್ಲರ ಬಗ್ಗೆಯೂ ಹೇಳುತ್ತಿದ್ದರು. ನನಗೆ ಇದು ಹೊಸದು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಚಾಕ್‌ಪೀಸ್ ಕೆಳಗಿಟ್ಟು, “ಎನಿ ಡೌಟ್ಸ್, ಗರ್ಲ್ಸ್?” ಅನ್ನುತ್ತಿದ್ದರು. ಹೇಳಿಕೊಡುವವರು ಬಚ್ಚಿಡಬಹುದು ಅನ್ನುವ ಡೌಟ್ ಮಾತ್ರ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ.

ನಮ್ಮತ್ತೆ ತೀರಿಕೊಂಡು ವರ್ಷ ತುಂಬಿದ ಮೇಲಿನ ಮೊದಲ ಸಂಕ್ರಾಂತಿ ಅದು. ನಮ್ಮ ಮೈಸೂರು ಸೀಮೆಯಲ್ಲಿ ಎಳ್ಳು ಬೀರುವ ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬು, ಬಾಳೆಹಣ್ಣಿನ ಜೊತೆಗೆ ಸಕ್ಕರೆ ಅಚ್ಚು ಇರಲೇಬೇಕು. ಸಕ್ಕರೆ ಪಾಕವನ್ನ ಮರದ ಪಡಿಯಚ್ಚಿಗೆ ಹೊಯ್ದು ಗಿಳಿ, ಆನೆ, ತುಳಸಿಕಟ್ಟೆ ಮಾಡುವುದು. ಅಂಗಡಿಯಲ್ಲೂ ಸಿಗುತ್ತಿತ್ತು. ಆದರೆ ಅಂಗಡಿಯದನ್ನ ತಟ್ಟೆಗಿಟ್ಟವರ ಮನೆಯ ಮರ್ಯಾದೆ ರಸ್ತೆಯ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮುಗಿದಿರುತ್ತಿತ್ತು. ನಮ್ಮತ್ತೆಯ ಮರದ ಪಡಿಯಚ್ಚುಗಳು ಹಳೆಯವು, ಅವರ ತಾಯಿಯ ಮನೆಯಿಂದ ಬಂದವು. ಅವರ ಕೈಯ ಎಣ್ಣೆ ಕುಡಿದು ಕರ್‍ರಗಾಗಿದ್ದವು. ಬದುಕಿದ್ದಾಗ ಅವರು ನನ್ನನ್ನ ಆ ಕೆಲಸಕ್ಕೆ ಹತ್ತಿರ ಸೇರಿಸಿರಲಿಲ್ಲ. ನಮ್ಮೆಜಮಾನರ ಅಕ್ಕ ತಿಥಿಗೆ ಬಂದವರು, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದರು: “ಹಬ್ಬಕ್ಕೆ ಬರ್ತೀನಮ್ಮ. ನಿನ್ ಕೈಲಿ ಅಚ್ಚು ಆಗತ್ತೋ ನೋಡು. ಆಗ್ಲಿಲ್ಲ ಅಂದ್ರೆ ಪಾಪ ನೀನ್ಯಾಕೆ ಕಷ್ಟ ಪಡ್ತೀಯ, ಅಮ್ಮನ ಪಡಿಯಚ್ಚು ನಾನೇ ತಗೊಂಡು ಹೋಗ್ತೀನಿ. ಕಾನ್ವೆಂಟ್‌ನಲ್ಲಿ ಇದನ್ನೆಲ್ಲಾ ಎಲ್ಲಿ ಹೇಳ್ಕೊಟ್ಟಿರ್ತಾರೆ.”

ಅವರು ಪಾಪ ಅಂದದ್ದೇ ನನಗೆ ಚುಚ್ಚಿದ್ದು. ಪಡಿಯಚ್ಚು ಹೋದರೆ ಆ ಮನೆಯ ಸೊಸೆ ನಾನು ಅನ್ನುವುದಕ್ಕೆ ಇನ್ನೇನು ಉಳಿಯುತ್ತಿತ್ತು...

ನಮ್ಮ ರಸ್ತೆಯಲ್ಲಿ ಅಚ್ಚಿಗೆ ಹೆಸರಾದವರು ಮೂಲೆಮನೆಯವರು. ಕೇಳಿದೆ. ತಕ್ಷಣ ಒಪ್ಪಿಕೊಂಡರು. ಅಷ್ಟು ತಕ್ಷಣ ಒಪ್ಪಿಕೊಂಡದ್ದೇ ನನಗೆ ಮೊದಲ ಸಂಶಯ. ಎರಡನೆಯದು, ಅಡುಗೆಮನೆಯಲ್ಲಿ ಅಲ್ಲ, ವರಾಂಡದಲ್ಲಿ ಕೂರಿಸಿ ಬಾಯಲ್ಲಿ ಹೇಳಿದರು. “ಪಾಕಕ್ಕೆ ದೃಷ್ಟಿ ಜಾಸ್ತಿ. ಇನ್ನೊಬ್ರು ನಿಂತು ನೋಡಿದ್ರೆ ಗಟ್ಟಿ ಆಗಲ್ಲ. ನಿನ್ ದೃಷ್ಟಿ ಅಂತಲ್ಲಮ್ಮ, ಯಾರದ್ದಾದ್ರೂ ಅಷ್ಟೇ” ಅಂದರು.

ಹಿಂದಿನ ದಿನವೇ ಪಡಿಯಚ್ಚುಗಳನ್ನ ನೀರಲ್ಲಿ ನೆನೆಹಾಕು. ಸಕ್ಕರೆಗೆ ನೀರು ಹಾಕಿ ಕುದಿಸು, ಮೇಲೆ ಒಂದು ಚೂರು ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಏಳುತ್ತೆ, ಶೋಧಿಸು. ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ಮತ್ತೆ ಕಾಯಿಸಿ, ಎಳೆ ಪಾಕ ಬಂದಾಗ ಇಳಿಸಿ, ಹೊಯ್ಯಿ. ಅಷ್ಟೇ. ನಾನು ಸ್ಕೂಲಿನ ಹುಡುಗಿಯ ಥರ ಎಲ್ಲವನ್ನೂ ವಾಪಸ್ ಒಪ್ಪಿಸಿದೆ. “ಜಾಣೆ” ಅಂದರು.

ಹೇಳಿದ ಹಾಗೇ ಮಾಡಿದೆ. ಇಳಿಸಿದೆ, ಹೊಯ್ದೆ, ಕಾದೆ. ಬಿಚ್ಚಿದರೆ ಗಿಳಿ ಇಲ್ಲ. ಅಂಟಂಟಾದ ಗಾಜಿನ ಮುದ್ದೆ ಪಡಿಯಚ್ಚನ್ನ ಹಿಡಿದುಕೊಂಡು ಬಿಡಲೊಲ್ಲದು. ಬಿಸಿನೀರಲ್ಲಿ ನೆನೆಸಿ ಬಿಡಿಸುವಾಗ ಕಣ್ಣಲ್ಲಿ ನೀರು ಬಂದಿತ್ತು. ಹಬ್ಬದ ದಿನ ಅಂಗಡಿಯ ಅಚ್ಚನ್ನೇ ತಟ್ಟೆಗಿಟ್ಟೆ. ನಮ್ಮೆಜಮಾನರ ಅಕ್ಕ ಒಂದು ಆನೆಯನ್ನ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟರು. “ಮುಂದಿನ ವರ್ಷನೂ ಬರ್ತೀನಲ್ಲ” ಅಂದರು, ಅಷ್ಟೇ.

ಮೂಲೆಮನೆಯವರ ತಟ್ಟೆ ಅದೇ ಸಾಯಂಕಾಲ ನಮ್ಮನೆಗೆ ಬಂತು. ಅದರಲ್ಲಿ ಗಿಳಿ, ಗಿಳಿಯ ಕಣ್ಣು ಕೂಡ ಕಾಣುವ ಹಾಗೆ. “ನಿಂದು ಹೇಗಾಯ್ತು?” ಎಂದು ಕೇಳಿದರು. ಕೇಳುವಾಗ ಅವರ ತುಟಿಯ ಒಂದು ಕೊನೆ ಮೇಲೆದ್ದಿತು ಅಂತ ನನಗನ್ನಿಸಿತು. ಪ್ರೂಫ್ ಇಲ್ಲ. ಆದರೆ ಅವತ್ತೇ ನಾನು ತೀರ್ಮಾನ ಮಾಡಿಬಿಟ್ಟೆ, ಇವರು ಒಂದನ್ನ ಇಟ್ಕೊಂಡು ಹೇಳಿದ್ದಾರೆ. ಅದೇನು ಅನ್ನುವುದಷ್ಟೇ ನನಗೆ ಗೊತ್ತಾಗಬೇಕಿತ್ತು.

ಈಗ ಕೇಕಿನ ವಿಷಯ. ಅದು ಬಾರದಿದ್ದರೆ ಈ ಕತೆ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ.

ನನಗೆ ಬರುತ್ತಿದ್ದ ಒಂದೇ ವಿದ್ಯೆ ಸ್ಪಾಂಜ್ ಕೇಕ್. ಕಾನ್ವೆಂಟಿನಲ್ಲಿ ಮಂಗಳೂರಿನ ಸಿಸ್ಟರ್ ಹೇಳಿಕೊಟ್ಟದ್ದು. ಅವರಿಗೆ ಒಬ್ಬರು ಐರಿಷ್ ಸಿಸ್ಟರ್ ಹೇಳಿಕೊಟ್ಟಿದ್ದರಂತೆ. ಐರಿಷ್ ಸಿಸ್ಟರಿಗೆ ಅವನ್ ಇತ್ತು, ಮಂಗಳೂರಿನವರಿಗೆ ಮರಳು ತುಂಬಿದ ಪಾತ್ರೆ, ನನಗೆ ಪಂಪ್ ಸ್ಟವ್. ಮೊಟ್ಟೆ ನಮ್ಮೆಜಮಾನರ ಆಫೀಸ್ ಬ್ಯಾಗಿನಲ್ಲಿ, ನ್ಯೂಸ್‌ಪೇಪರಿನೊಳಗೆ, ಊಟದ ಡಬ್ಬಿಯ ಪಕ್ಕ ಕೂತು ಬರುತ್ತಿತ್ತು. ಚಿಪ್ಪನ್ನ ಪುಡಿ ಮಾಡಿ ಗುಲಾಬಿ ಗಿಡದ ಬುಡಕ್ಕೆ ಹೂಳುತ್ತಿದ್ದೆ. ಆದರೆ ವಾಸನೆಯನ್ನ ಹೂಳುವುದು ಹೇಗೆ. ಕೇಕ್ ಬೇಯುವ ದಿನ ಇಡೀ ಸಾಲಿಗೆ ಗೊತ್ತಾಗುತ್ತಿತ್ತು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಮೂಲೆಮನೆಯವರು ಬಂದರು. ಅವರ ಕೊನೇ ಮಗಳು ಸ್ಕೂಲಿನ ಗೆಳತಿಯ ಬರ್ತ್‌ಡೇಗೆ ಹೋಗಿ ಬಂದು, ತನಗೂ ಕೇಕ್ ಬೇಕು ಎಂದು ಊಟ ಬಿಟ್ಟು ಕೂತಿದ್ದಳಂತೆ.

“ಬೇಕರಿಯಿಂದ ತನ್ನಿ ಅಕ್ಕ” ಅಂದೆ.

“ಅವರು ಹಾಕಲ್ಲ ಅಂತಾರೆ. ಯಾರು ಒಳಗೆ ಹೋಗಿ ನೋಡಿದಾರೆ? ನೀನು ಹೇಳ್ಕೊಡು, ನಾನೇ ಮಾಡ್ತೀನಿ.” ಆಮೇಲೆ ದನಿ ತಗ್ಗಿಸಿ, “ಅದನ್ನ ಬಿಟ್ಟು” ಅಂದರು.

‘ಅದು’ ಎಂದರೆ ಮೊಟ್ಟೆ. ಆ ಹೆಸರನ್ನೇ ಅವರು ಆಡುತ್ತಿರಲಿಲ್ಲ. ಸ್ಪಾಂಜ್ ಕೇಕಿನಲ್ಲಿ ಅದನ್ನ ಬಿಟ್ಟರೆ ಉಳಿಯುವುದು ಮೈದಾ, ಸಕ್ಕರೆ, ಬೆಣ್ಣೆ. ನಮ್ಮ ಸಿಸ್ಟರ್ ಬೇಕಿಂಗ್ ಪೌಡರನ್ನೂ ಹಾಕುತ್ತಿರಲಿಲ್ಲ. ಮೊಟ್ಟೆಯನ್ನ ನೊರೆ ಬರುವ ತನಕ ಬಡಿದರೆ ಅದರಿಂದಲೇ ಉಬ್ಬಬೇಕು. “ಅದಿಲ್ಲದೆ ಏಳಲ್ಲ ಅಕ್ಕ” ಎಂದು ಹೇಳಿದೆ. ಹೇಳಿದ್ದೇನೆ, ಇದು ನನಗೆ ಚೆನ್ನಾಗಿ ನೆನಪಿದೆ. “ನೀನು ಉಳಿದಿದ್ದು ಹೇಳು, ಏಳಿಸೋದು ನಂಗಿರಲಿ” ಅಂದರು. ಉಳಿದದ್ದನ್ನ ಒಂದೂ ಬಿಡದೆ ಹೇಳಿದೆ.

ಅವರ ಕೇಕ್ ಹಲಗೆಯಾಯಿತು. ಮಗಳು ಅದನ್ನ ಸ್ಲೇಟು ಅಂದಳಂತೆ. ಆಮೇಲೆ ಬಹಳ ದಿನ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೂವಿನವಳ ಹತ್ತಿರ ನಿಂತಾಗ, ನನ್ನ ಕಡೆ ನೋಡದೆ, ಆದರೆ ನನಗೆ ಕೇಳಿಸುವ ಹಾಗೆ ಹೇಳಿದರು: “ಇಂಗ್ಲಿಷ್ ಓದಿದೋರು ಹೇಳೋದೆಲ್ಲಾ ಹೇಳಿ ಒಂದನ್ನ ಮಾತ್ರ ಇಂಗ್ಲಿಷ್‌ನಲ್ಲೇ ಇಟ್ಕೊಂಡಿರ್ತಾರೆ ಬಿಡಮ್ಮ.”

ಮನೆಗೆ ಬಂದು ನಮ್ಮೆಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ಇಬ್ರೂ ಒಂದೇ ಕೇಸು ಹಾಕಿದೀರ, ಜಡ್ಜ್ ಯಾರು?” ಅಂದರು.

ಮುಂದಿನ ಸಂಕ್ರಾಂತಿ ಹತ್ತಿರ ಬಂದಾಗ ನಾನು ಜಡ್ಜಿಗೆ ಕಾಯಲಿಲ್ಲ. ಮೂಲೆಮನೆಯ ಅಡುಗೆಮನೆಯ ಕಿಟಕಿ ಕನ್ಸರ್ವೆನ್ಸಿಯ ಕಡೆಗಿತ್ತು. ಅಲ್ಲಿ ನಮ್ಮ ಹಿತ್ತಲಿನ ಕರಿಬೇವು ಗೋಡೆಯಾಚೆ ಬಾಗಿತ್ತು. ಅವರು ಅಚ್ಚಿಗೆ ಕೂರುವ ದಿನ ಯಾವುದು ಎಂದು ರಸ್ತೆಗೆಲ್ಲ ಗೊತ್ತಿರುತ್ತಿತ್ತು. ಯಾಕೆಂದರೆ ಅವತ್ತು ಅವರು ಗೇಟಿನಲ್ಲಿ ನಿಂತಿರುತ್ತಿರಲಿಲ್ಲ. ನಾನು ಕರಿಬೇವು ಕೀಳಲು ಹೋದೆ. ಕಿಟಕಿ ಮುಚ್ಚಿತ್ತು, ಆಫ್ ಕೋರ್ಸ್. ಆದರೆ ಸದ್ದಿಗೆ ಯಾವ ಕಿಟಕಿ ಅಡ್ಡ ಬರುತ್ತದೆ.

ಮೊದಲು ಪಂಪ್ ಸ್ಟವ್ ಭುಸ್ ಅನ್ನುವುದು ಕೇಳಿಸುತ್ತಿತ್ತು. ಪಾಕ ಕುದಿಯುವುದು, ಬಳೆಯ ಸದ್ದು. ಆಮೇಲೆ ಸ್ಟವ್ ಆರಿತು. ಇನ್ನು ಹೊಯ್ಯುತ್ತಾರೆ ಅಂದುಕೊಂಡೆ. ಇಲ್ಲ. ಚಮಚ ಪಾತ್ರೆಯನ್ನ ಉಜ್ಜುವ ಸದ್ದು ಶುರುವಾಯಿತು, ಕರ ಕರ ಕರ. ನಿಲ್ಲಲೇ ಇಲ್ಲ. ನುಣ್ಣಗಿದ್ದ ಸದ್ದು ಬರುಬರುತ್ತಾ ಒರಟಾಯಿತು, ಮರಳು ಕಲಕಿದ ಹಾಗೆ. ಆಮೇಲೆ ತಟ್ಟನೆ ನಿಂತಿತು. ಆಗ ಹೊಯ್ದರು.

ಕೈತುಂಬ ಕರಿಬೇವು ಹಿಡಿದುಕೊಂಡು ನಿಂತಿದ್ದ ನನಗೆ ಮೈಯೆಲ್ಲ ಬಿಸಿಯಾಯಿತು. ಅದೇ ಅದು. ಒಲೆಯಿಂದ ಇಳಿಸಿದ ಮೇಲೆ, ಪಾಕ ಮಂಕಾಗಿ ಹರಳು ಕಟ್ಟುವ ತನಕ ಕಲಕಬೇಕು. ಕಲಕದೆ ಹೊಯ್ದರೆ ಗಾಜು.

ಅವತ್ತು ಸಾಯಂಕಾಲವೇ ಅವರ ಗೇಟಿಗೆ ಹೋದೆ. “ಸ್ಟವ್ ಆರಿಸಿದ ಮೇಲೂ ಕಲಕ್ತೀರಲ್ಲ ಅಕ್ಕ. ಅದನ್ನ ನಂಗೆ ಹೇಳ್ಲೇ ಇಲ್ಲ ನೀವು.”

ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿದರು. “ಕಲಕೋದನ್ನೂ ಯಾರಾದ್ರೂ ಹೇಳಿಕೊಡ್ತಾರೇನೇ? ಕೈಯಲ್ಲಿ ಚಮಚ ಇದ್ರೆ ಕೈ ಸುಮ್ನಿರತ್ತಾ?”

ಆಮೇಲೆ ಅವರ ಕಣ್ಣು ಕಿರಿದಾಯಿತು.

“ಅಲ್ಲ, ನಾನು ಕಲಕಿದ್ದು ನಿಂಗೆ ಹೇಗೆ ಗೊತ್ತಾಯ್ತು?”

“ಹೀಗೇ... ಕರಿಬೇವಿಗೆ ಹೋಗಿದ್ದೆ.”

“ಓಹೋ, ಕರಿಬೇವು” ಅಂದರು. ಒಳಗೆ ಹೋದರು. ಮುಂದಿನ ವರ್ಷದಿಂದ ಅವರ ಕಿಟಕಿಗೆ ಗೋಣಿತಾಟು ಬಿತ್ತು.

ಎಷ್ಟೋ ಸಲ ಆ ಮಾತನ್ನ ನಾನು ಮಗುಚಿ ಮಗುಚಿ ನೋಡಿದ್ದೇನೆ. ನಿಜವಾಗಿಯೂ ಅವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನ್ನಿಸಿರಲಿಲ್ಲವೇ? ನಮಗೆ ಯಾರಾದರೂ ಸೀರೆ ಉಡುವುದು ಹೇಗೆ ಎಂದು ಕೇಳಿದರೆ ಉಸಿರಾಡುತ್ತಾ ಉಡು ಎಂದು ಹೇಳುತ್ತೇವೆಯೇ? ಹಾಗೆ ಯೋಚಿಸಿದಾಗ ಅವರ ಮೇಲೆ ಪ್ರೀತಿ ಬರುತ್ತಿತ್ತು. ಮರುಕ್ಷಣ ತುಟಿಯ ಆ ಕೊನೆ ನೆನಪಾಗುತ್ತಿತ್ತು. ಉತ್ತರ ತುಂಬಾ ರೆಡಿಯಾಗಿತ್ತಲ್ಲ, ಕೇಳುತ್ತಾಳೆ ಎಂದು ಮೊದಲೇ ಗೊತ್ತಿದ್ದವರ ಹಾಗೆ...

ಸಂಶಯ ಒಂದು ಸಲ ಹೊಕ್ಕರೆ ಅರ್ಧಕ್ಕೆ ನಿಲ್ಲುವುದಿಲ್ಲ. ಕಲಕಿ ಹೊಯ್ದರೂ ನನ್ನ ಗಿಳಿಯ ಕೊಕ್ಕು ಪಡಿಯಚ್ಚಿನಲ್ಲೇ ಮುರಿದು ಉಳಿಯಿತು. ಕಲಕಿದ್ದನ್ನ ಬಚ್ಚಿಟ್ಟವರು ಇನ್ನೊಂದನ್ನೂ ಬಚ್ಚಿಟ್ಟಿರಬೇಕು ಅಂತ ನನ್ನ ಲೆಕ್ಕ. ಹಾಲು ಅಂದಿದ್ದರಲ್ಲ, ಕೊಳೆ ತೆಗೆಯಲು. ಬರೀ ಕೊಳೆಗೇ ಇರಲಿಕ್ಕಿಲ್ಲ, ಕೊನೆಗೆ ಇನ್ನೊಮ್ಮೆ ಹಾಕುತ್ತಾರೇನೋ. ಹಾಕಿ ನೋಡಿದೆ, ಪಾಕ ಮತ್ತೆ ತೆಳ್ಳಗಾಯಿತು. ಮೊಸರು ಹಾಕಿದೆ, ನಿಂಬೆ ಹಿಂಡಿದೆ, ಒಂದು ಸಲ ಅಕ್ಕಿ ಹಿಟ್ಟನ್ನೂ ಉದುರಿಸಿದೆ. ಮನೆಯ ಸಕ್ಕರೆಯ ರೇಷನ್ ಮುಗಿದು ನಮ್ಮೆಜಮಾನರು ಬೆಲ್ಲದ ಕಾಫಿ ಕುಡಿದರು. ಆಗ ನನ್ನ ಮೊದಲನೇ ಮಗು ಇನ್ನೂ ಕೈಗೂಸು, ಮನೆಯಲ್ಲಿ ಅದರ ಹಾಲಿನ ಪುಡಿಯ ಟಿನ್ ಇತ್ತು. ಕೊನೆಗೆ, ಸಿಟ್ಟಿನಲ್ಲೇ, ಕಲಕುವಾಗ ಅದರಿಂದ ಒಂದು ಚಮಚ ಹಾಕಿದೆ.

ಪಡಿಯಚ್ಚು ಬಿಚ್ಚಿದರೆ ಗಿಳಿ. ಮಲ್ಲಿಗೆಯ ಬಿಳುಪು. ಮೂಲೆಮನೆಯವರ ಅಚ್ಚು ಮಂಜುಗಡ್ಡೆಯ ಬಣ್ಣ, ಕಡಿದರೆ ಕಟಕ್ ಅನ್ನುತ್ತಿತ್ತು. ಇದು ನಾಲಿಗೆಯ ಮೇಲಿಟ್ಟರೆ ಪೇಡಾದ ಥರ ಕರಗುತ್ತಿತ್ತು. ಅವರು ಬಚ್ಚಿಟ್ಟದ್ದನ್ನ ಹುಡುಕಲು ಹೋಗಿ ಅವರ ಹತ್ತಿರ ಇಲ್ಲದ್ದೇ ನನಗೆ ಸಿಕ್ಕಿತ್ತು.

ಹಬ್ಬಕ್ಕೆ ನಮ್ಮೆಜಮಾನರ ಅಕ್ಕ ಬಂದರು. ತುಳಸಿಕಟ್ಟೆಯ ಮೂಲೆ ಮುರಿದು ಬಾಯಿಗೆ ಹಾಕಿಕೊಂಡರು. “ಅಮ್ಮನ ಥರ ಇಲ್ಲ” ಅಂದರು. ಆಮೇಲೆ ಇನ್ನೊಂದು ಚೂರು ಮುರಿದರು. ಹೋಗುವಾಗ ಪಡಿಯಚ್ಚಿನ ಮಾತು ಎತ್ತಲಿಲ್ಲ. ಇವತ್ತಿಗೂ ಅವು ನನ್ನ ಹತ್ತಿರವೇ ಇವೆ.

ಆದರೆ ನಾನು ಅವತ್ತು ನಿಜವಾಗಿ ಕಾಯುತ್ತಿದ್ದದ್ದು ಮೂಲೆಮನೆಯವರನ್ನ. ಎಳ್ಳು ತೆಗೆದುಕೊಳ್ಳಲು ಬಂದವರು ಗಿಳಿಯ ಬಾಲ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅವರ ನಾಲಿಗೆ ಎಂಥದ್ದೆಂದರೆ, ಯಾರ ಮನೆಯ ಸಾರನ್ನಾದರೂ ಒಂದು ಸಲ ಚಪ್ಪರಿಸಿ ಕೊತ್ತಂಬರಿ ಬೀಜ ಯಾವ ಅಂಗಡಿಯದು ಎಂದು ಹೇಳುತ್ತಿದ್ದರು. ಕಣ್ಣು ಬಿಟ್ಟು, “ಏನು ಹಾಕಿದೀಯ?” ಅಂದರು.

“ನೀವು ಹೇಳಿದ್ದೇ ಅಕ್ಕ.”

“ಓಹೋ” ಅಂದರು. ಇನ್ನೊಂದು ಗಿಳಿಯನ್ನ ‘ನಮ್ಮನೆಯೋರಿಗೆ’ ಎಂದು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು. ನಾನ್ಯಾಕೆ ಹೇಳಬೇಕಿತ್ತು? ಹೇಳಲಿಲ್ಲ.

ಮಾರನೆಯ ವರ್ಷ ಅವರ ತಟ್ಟೆಯ ಗಿಳಿಯೂ ಬೆಳ್ಳಗಿತ್ತು. ಅದೇ ವರ್ಷ, ಅವರ ಮಗಳ ಬರ್ತ್‌ಡೇಗೆ, ಒಂದು ತಟ್ಟೆಯಲ್ಲಿ ಕೇಕ್ ಬಂತು. ಎದ್ದಿತ್ತು. ನನ್ನದರಷ್ಟು ಹಗುರವಲ್ಲ, ಆದರೆ ಮೆತ್ತಗೆ, ಒದ್ದೆಒದ್ದೆ, ಅಂಚಿನಲ್ಲಿ ಕೆಂಪಗೆ. ‘ಅದು’ ಇಲ್ಲದೆ ಹೇಗೆ? ಒಂದು ತುಂಡು ತಿಂದೆ, ಇನ್ನೊಂದು ತಿಂದೆ. ಗಂಟಲಲ್ಲಿ ಎಲ್ಲೋ ಒಂದು ಹುಳಿ.

“ಏನು ಹಾಕಿದ್ರಿ ಅಕ್ಕ?”

“ನೀನು ಹೇಳಿದ್ದೇ ಕಣಮ್ಮ” ಅಂದರು, ನನ್ನದೇ ದನಿಯಲ್ಲಿ.

ಹುಳಿ ಮಜ್ಜಿಗೆ ಮತ್ತು ಅಡುಗೆ ಸೋಡಾ ಎಂದು ಕಂಡುಹಿಡಿಯಲು ನನಗೆ ಆ ಇಡೀ ಬೇಸಿಗೆ ಬೇಕಾಯಿತು. ನಾನು ಅದಕ್ಕೆ ಮಾಗಿದ ಬಾಳೆಹಣ್ಣು ಸೇರಿಸಿದೆ. ಅವರು ಅದನ್ನ ತಿಂದು ನೋಡಿ ಮುಂದಿನ ಸಲ ಏಲಕ್ಕಿ ಸೇರಿಸಿದರು. ಹೀಗೆ ವರ್ಷಗಟ್ಟಲೆ ನಡೆಯಿತು. ಕೇಳುವುದು, ಹೇಳದಿರುವುದು, ತಿಂದು ಕಂಡುಹಿಡಿಯುವುದು. ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕಾಲಿಡಲಿಲ್ಲ. ಅವರ ಗಂಡ ಆಸ್ಪತ್ರೆಯಲ್ಲಿದ್ದಾಗ ನಾನು ಮೂರು ಹೊತ್ತೂ ಅವರ ಮಕ್ಕಳಿಗೆ ಊಟ ಕಳಿಸಿದೆ. ನನ್ನ ಎರಡನೇ ಹೆರಿಗೆಗೆ ಅವರು ಕೊಬ್ಬರಿ ಖಾರ ಕುಟ್ಟಿ ತಂದರು. ಆಗಲೂ ತಂದಿಟ್ಟು, “ತಿನ್ನು. ಏನು ಹಾಕಿದೀನಿ ಅಂತ ಹುಡುಕ್ಬೇಡ” ಅಂದರು.

ರಸ್ತೆಯವರು ನಮ್ಮಿಬ್ಬರಿಂದಲೂ ಕಲಿತರು. ಅವರೂ ಏನೇನು ಸೇರಿಸಿದರೋ. ಬಹಳ ವರ್ಷದ ಮೇಲೆ ಒಂದು ಸಂಕ್ರಾಂತಿಗೆ, ಎದುರುಮನೆಗೆ ಬಂದಿದ್ದ ಹೊಸ ಸೊಸೆ ನಮ್ಮಿಬ್ಬರನ್ನ ಕೂರಿಸಿಕೊಂಡು, ತವರಿನಿಂದ ಬಂದ ತನ್ನ ತಂಗಿಗೆ ತಿಳಿಸಿ ಹೇಳುತ್ತಿದ್ದಳು: “ನಮ್ ಬೆಂಗಳೂರ್ ಕಡೆ ಅಚ್ಚು ಬೆಳ್ಳಗೇ ಇರಬೇಕು ಕಣೇ. ಹಳೇ ಕಾಲದಿಂದ ಬಂದಿರೋದು. ಇವ್ರನ್ನೇ ಕೇಳು ಬೇಕಾದ್ರೆ.”

ಮೂಲೆಮನೆಯವರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ.

“ಹೌದಮ್ಮ, ಹಳೇ ಕಾಲದಿಂದ” ಅಂದರು ಅವರು.

ನಾನೂ ತಲೆ ಆಡಿಸಿದೆ. ಅಷ್ಟು ವರ್ಷದಲ್ಲಿ ನಾವಿಬ್ಬರೂ ಒಂದೇ ಕಡೆ ನಿಂತದ್ದು ಅದೊಂದೇ ಸಲ ಇರಬೇಕು.

ಆಮೇಲೆ ನಾವು ಬಸವೇಶ್ವರನಗರಕ್ಕೆ ಬಂದೆವು. ಅವರು ಮೂಲೆಮನೆಯಲ್ಲೇ ಇದ್ದರು, ಆ ಕೊನೇ ಮಗಳು ಕೆಂಗೇರಿಯ ತನ್ನ ಮನೆಗೆ ಕರೆದುಕೊಂಡು ಹೋಗುವವರೆಗೆ. ಹೋದ ವರ್ಷ, ಅವರಿಗೆ ಹಾಸಿಗೆಯಿಂದ ಏಳಲು ಆಗುತ್ತಿಲ್ಲ ಎಂದು ತಿಳಿದು, ವಿಜಯನಗರದಿಂದ ಮೆಟ್ರೋ ಹತ್ತಿ ನೋಡಲು ಹೋಗಿದ್ದೆ. ಮೈ ಅರ್ಧಕ್ಕರ್ಧ ಇಳಿದಿತ್ತು. ನನ್ನನ್ನ ಗುರುತಿಸಿದರು. ಕೈ ಹಿಡಿದುಕೊಂಡರು. ಮಗಳು ಕಾಫಿ ತರಲು ಒಳಗೆ ಹೋದಾಗ ದನಿ ತಗ್ಗಿಸಿದರು. ಆ ದನಿ ಹಾಗೇ ಇತ್ತು.

“ಇನ್ನಾದ್ರೂ ಹೇಳೇ. ಆ ಕೇಕಿಗೆ ಏನು ಹಾಕ್ತಿದ್ದೆ?”

“ಅದೇ ಅಕ್ಕ. ನೀವು ಬಿಟ್ಟು ಹೇಳು ಅಂದ್ರಲ್ಲ. ಅದು.”

“ಅದು ನಂಗೂ ಗೊತ್ತು. ಅದಲ್ದೆ ಇನ್ನೊಂದು?”

“ಇನ್ನೇನೂ ಇರಲಿಲ್ಲ ಅಕ್ಕ. ದೇವರಾಣೆಗೂ ಇರಲಿಲ್ಲ.”

ಅವರು ನನ್ನ ಕೈಯನ್ನ ಮೆಲ್ಲಗೆ ತಟ್ಟಿದರು. “ಆಯ್ತು ಬಿಡು” ಅಂದರು. ಮಕ್ಕಳ ಸುಳ್ಳನ್ನ ನಂಬಿದ ಹಾಗೆ ನಟಿಸುವಾಗ ಹೇಳುತ್ತೇವಲ್ಲ, ಆ ಥರದ ಆಯ್ತು ಬಿಡು.

ನಾನೂ ಕೇಳಿಬಿಟ್ಟೆ. “ನೀವು ಹೇಳಿ. ಆ ಮೊದಲನೇ ವರ್ಷ ಕಲಕೋದನ್ನ ಬೇಕಂತ್ಲೇ ಹೇಳ್ಲಿಲ್ವಾ?”

“ಏನು ಕಲಕೋದು?” ಅಂದರು.

ನಾನು ಅವರ ಮುಖವನ್ನೇ ನೋಡಿದೆ. ಮರೆತಿದ್ದರೋ, ಆ ವಯಸ್ಸಿನಲ್ಲೂ ನಾಟಕವೋ. ತುಟಿಯ ಕೊನೆ ಅಲ್ಲಾಡಿತು ಅನ್ನಿಸಿತು. ಕಿಟಕಿಯ ಬೆಳಕೂ ಇರಬಹುದು.

ಅವರು ಹೋದ ಸುದ್ದಿ ಕಾರ್ತಿಕ ಮಾಸದಲ್ಲಿ ಬಂತು. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಹೊರಟಾಗ ಆ ಮಗಳು ಗೇಟಿನ ತನಕ ಬಂದಳು. ಸ್ಲೇಟು ಎಂದಿದ್ದ ಅದೇ ಹುಡುಗಿ. ಈಗ ಅವಳ ಕೂದಲೂ ನರೆತಿದೆ. ಆ ಕಡೆ ಈ ಕಡೆ ನೋಡಿ ಕೇಳಿದಳು: “ಆಂಟಿ, ಅಮ್ಮ ನಂಗೆ ಎಲ್ಲಾ ಹೇಳ್ಕೊಟ್ಟಿದಾರೆ. ಆದ್ರೆ ನನ್ ಅಚ್ಚು ಅವರ ಥರ ಬರಲ್ಲ. ಒಂದನ್ನ ಇಟ್ಕೊಂಡೇ ಹೇಳಿದ್ರು ಅಂತ ನಂಗೆ ಮೊದಲಿಂದ್ಲೂ ಡೌಟು. ನಿಮ್ಗೆ ಹೇಳಿದಾರಾ?”

ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಅದೇ ಸಂಶಯ. ನನ್ನ ಎದೆಯ ಮೇಲಿದ್ದ ಒಂದು ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ, ಅಲ್ಲೇ ಪಕ್ಕಕ್ಕೆ ಸರಿಯಿತು.

“ಇಲ್ಲಮ್ಮ. ನಂಗೆ ಏನೂ ಹೇಳಿಲ್ಲ” ಅಂದೆ.

“ಹೌದಾ...” ಅಂದಳು. ನಂಬಲಿಲ್ಲ. ಆಟೋ ತಿರುವು ಮುಗಿಯುವ ತನಕ ಅವಳು ಗೇಟಿನಲ್ಲೇ ನಿಂತು ನೋಡುತ್ತಿದ್ದಳು.

ಮೇಲಿನ ಮನೆಯ ಹುಡುಗಿಗೆ ನಾನು ಎಲ್ಲವನ್ನೂ ಹೇಳಿದೆ. ನಮ್ಮಡುಗೆಮನೆಯೊಳಗೇ ಕರೆದು, ನಮ್ಮತ್ತೆಯ ಪಡಿಯಚ್ಚುಗಳನ್ನೇ ಕೊಟ್ಟು, ಕೈ ಹಿಡಿದು ಕಲಕಿಸಿದೆ. ಹಾಲಿನ ಪುಡಿಯ ಡಬ್ಬಿಯನ್ನ ಕಣ್ಣ ಮುಂದೆ ಇಟ್ಟೆ. ಅವಳು ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡಳು. ಮುಗಿದ ಮೇಲೆ, “ಇಷ್ಟ ಏನ್ರಿ ಆಂಟಿ?” ಅಂದಳು.

“ಇಷ್ಟೇ.”

“ಮತ್ತೇನಿಲ್ಲಾ?”

“ಇಲ್ಲಮ್ಮ.”

ತಲೆ ಆಡಿಸಿದಳು. ಅವಳ ಕಣ್ಣು ಕಿರಿದಾದದ್ದನ್ನ ನಾನು ನೋಡದೆ ಇರಲಿಲ್ಲ.

ಹಬ್ಬದ ದಿನ ಅವಳು ತಟ್ಟೆ ತಂದಳು. ನಮ್ಮತ್ತೆಯ ಗಿಳಿ, ಬೆಳ್ಳಗೆ, ಚೊಕ್ಕವಾಗಿ. ಬಾಲ ಮುರಿದು ಬಾಯಿಗೆ ಹಾಕಿಕೊಂಡೆ. ಮೊದಲು ಕರಗಿತು. ಆಮೇಲೆ ಹಲ್ಲಿಗೆ ಏನೋ ಸಿಕ್ಕಿತು, ಸಣ್ಣಗೆ, ಒಗರಿನ ಹಿಂದೆ ಒಂದು ಕಂಪು. ಅವರ ಊರಿನ ಕಡೆಯ ಯಾವುದೋ ಕಾಳೋ, ಬೀಜವೋ, ಹುರಿದು ಹಾಕಿದ್ದೋ. ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು.

“ಏನು ಹಾಕಿದೀಯಮ್ಮ?”

“ಏನಿಲ್ರಿ ಆಂಟಿ, ನೀವು ಹೇಳಿದ್ದ ಹಾಕೀನ್ರಿ” ಅಂದು, ಡ್ಯೂಟಿಗೆ ಹೊತ್ತಾಯಿತೆಂದು ಸ್ಕೂಟಿ ಹತ್ತಿ ಹೋದಳು.

ಮಧ್ಯಾಹ್ನವೆಲ್ಲ ಅದನ್ನೇ ನಾಲಿಗೆಯ ಮೇಲೆ ಹೊರಳಿಸುತ್ತಾ ಕೂತೆ. ಗೊತ್ತಾಗಲಿಲ್ಲ. ಉಳಿದ ಅರ್ಧ ಗಿಳಿಯನ್ನ ಕಾಗದದಲ್ಲಿ ಸುತ್ತಿದೆ. ಸುತ್ತಿದ ಮೇಲೆ, ಯಾರ ಬಾಯಿಗೆ ಇಡಲೆಂದು ಸುತ್ತಿದೆ ಅನ್ನುವುದು ಹೊಳೆಯಿತು. ಒಂದು ಸಲ ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದರು ಮೂಲೆಮನೆಯವರು. ಅಥವಾ, ಗೊತ್ತಾದರೂ ನನಗೆ ಹೇಳುತ್ತಿರಲಿಲ್ಲವೋ ಏನೋ...